ಶಿವಲೀಲಾ ಒತ್ತದ ಗುಂಡಿ

ಗದಗ,
೨೧೧೩ನೆಯ ವರ್ಷ, ಹದಿಮೂರನೆಯ ತಿಂಗಳು, ಒಂಬತ್ತನೆಯ ದಿನ

ಮಾನ್ಯ ಇಂದುಧರ ಅವರಿಗೆ,

ನಿಮ್ಮ ಕ್ಯಾಲೆಂಡರಿನಲ್ಲಿ ಹದಿಮೂರನೆಯ ತಿಂಗಳು ಇಲ್ಲವೆಂದು ನನಗೆ ಗೊತ್ತಿದೆ. ನಮ್ಮಲ್ಲಿ ತಿಂಗಳಿಗೆ ಇಪ್ಪತ್ತೆಂಟೇ ದಿನ. ಉಳಿದ ದಿನಗಳನ್ನು ಕೂಡಿಸಿ ಇನ್ನೊಂದು ತಿಂಗಳು ಮಾಡಿಕೊಂಡು ನಲವತ್ತು ವರ್ಷವಾಯಿತು. ಈ ಪತ್ರದಲ್ಲಿ ಇಂಥ ಅಪರಿಚಿತ ಸಂಗತಿಗಳು ಇನ್ನೂ ಬರುತ್ತವೆ. ನಿಮ್ಮ ಕಾಲದ ಕನ್ನಡವನ್ನು ನಾನು ನಿಮ್ಮವರ ಅರ್ಜಿಗಳಿಂದ, ದೂರುಗಳಿಂದ ಕಲಿತವಳು. ಹಾಗಾಗಿ ನನ್ನ ಮಾತು ಕೆಲವೆಡೆ ಕಚೇರಿಯ ಕಾಗದದಂತೆ ಬಿಗಿಯಾಗಿಯೂ ಕೆಲವೆಡೆ ವಿಚಿತ್ರವಾಗಿಯೂ ಕೇಳಿಸಬಹುದು. ದಯವಿಟ್ಟು ಸಹಿಸಿಕೊಳ್ಳಿ.

ನನ್ನ ಹೆಸರು ಫಕೀರವ್ವ ಡಂಬಳ. ವಯಸ್ಸು ಐವತ್ತೆರಡು. ಗದಗಿನ ಕಡತಮನೆಯಲ್ಲಿ ಹದಿನಾಲ್ಕು ವರ್ಷ ಓದುಗಿತ್ತಿಯಾಗಿದ್ದೆ. ನೀವು ಇನ್ನು ಕೆಲವೇ ವಾರಗಳಲ್ಲಿ, ಅಂದರೆ ೨೦೨೬ರ ಕೊನೆಯಲ್ಲಿ, ನಲವತ್ತು ಸಾಲಿನ ಒಂದು ಜಾವಾಸ್ಕ್ರಿಪ್ಟ್ ಪ್ರೋಗ್ರಾಂ ಬರೆಯಲಿದ್ದೀರಿ. ನನಗೆ ನಿಮ್ಮ ಪರಿಚಯ ಅಷ್ಟೇ. ಆ ಸಾಲುಗಳ ನೆತ್ತಿಯಲ್ಲಿ ನಿಮ್ಮ ಹೆಸರಿದೆ, ಹೆಸರಿನ ಕೆಳಗೆ ಕನ್ನಡದಲ್ಲಿ ಒಂದು ಟಿಪ್ಪಣಿ ಇದೆ. ಅದರ ವಿಷಯ ಮುಂದೆ ಹೇಳುತ್ತೇನೆ. ನಮ್ಮಲ್ಲಿ ಹಿಂದಂಚೆ ಎಂಬುದೊಂದಿದೆ. ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಅದು ಹೇಗೆ ನಡೆಯುತ್ತದೆಂದು ನನಗೆ ತಿಳಿಯದು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರಕ್ಕೆ ಅವಕಾಶ. ತಲುಪಿತೋ ಇಲ್ಲವೋ ಎಂಬ ಉತ್ತರವೂ ಬರುವುದಿಲ್ಲ. ನನ್ನ ಒಂದು ಪತ್ರವನ್ನು ನಾನು ನಿಮಗೆ ಬರೆಯುತ್ತಿದ್ದೇನೆ. ನಡೆದದ್ದನ್ನು ಕೇಳಿದರೆ ಯಾಕೆಂದು ನಿಮಗೆ ಅರ್ಥವಾದೀತು.

ಮೊದಲು ನಮ್ಮ ಬದುಕಿನ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಊರಿನಲ್ಲಿ ಬೆಳಿಗ್ಗೆ ಹತ್ತಕ್ಕೆ ಬಾಗಿಲು ಮುಚ್ಚಿದರೆ ಸಂಜೆ ನಾಲ್ಕಕ್ಕೆ ತೆರೆಯುವುದು. ಅಷ್ಟು ಬಿಸಿಲು. ಬೀದಿಗಳ ಮೇಲೆ ಈ ತುದಿಯಿಂದ ಆ ತುದಿಗೆ ಬಟ್ಟೆ ಎಳೆದು ಕಟ್ಟಿರುತ್ತೇವೆ. ಅವನ್ನು ನೆರಳುಬೀದಿ ಎನ್ನುತ್ತೇವೆ. ಕಪ್ಪತಗುಡ್ಡದ ನೆತ್ತಿಯಲ್ಲಿ ಮಂಜುಬಲೆಗಳಿವೆ. ಗಾಳಿಯಲ್ಲಿನ ಹಸಿಯನ್ನು ಹಿಡಿದು ಹನಿ ಹನಿಯಾಗಿ ಕೊಳವೆಗೆ ಇಳಿಸುವ ಬಲೆಗಳು ಅವು. ಕುಡಿಯುವ ನೀರೆಲ್ಲ ಅಲ್ಲಿಂದಲೇ. ನವಣೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು ನಮಗೂ ಇವೆ, ನೀವು ಗಾಬರಿಯಾಗಬೇಕಿಲ್ಲ. ಆದರೆ ನಮ್ಮಲ್ಲಿ ಹಿಂದಿನವರ ಒಂದು ಫೋಟೋ ಇಲ್ಲ, ಧ್ವನಿ ಇಲ್ಲ, ಪತ್ರ ಇಲ್ಲ. ೨೦೬೧ರಲ್ಲಿ ಏಳು ತಿಂಗಳ ಅವಧಿಯಲ್ಲಿ ಲೋಕದ ಯಂತ್ರಗಳಲ್ಲಿದ್ದದ್ದು ಬಹುಪಾಲು ಅಳಿಸಿಹೋಯಿತು. ಅದನ್ನು ನಾವು ದೊಡ್ಡಳಿಕೆ ಎಂದು ಕರೆಯುತ್ತೇವೆ. ಅಜ್ಜ ಅಜ್ಜಿಯರ ಮುಖ ಹೇಗಿತ್ತೆಂದು ಗೊತ್ತಿಲ್ಲದ ಮಕ್ಕಳು ನಮ್ಮ ಬೀದಿಗಳಲ್ಲಿ ಬೆಳೆದರು. ನಾನೂ ಅವರಲ್ಲಿ ಒಬ್ಬಳು.

ಆದ್ದರಿಂದಲೇ ಕಡತಮನೆ ಹುಟ್ಟಿತು. ಎಲ್ಲಾದರೂ ಹಳೆಯ ಯಂತ್ರದ ಪೆಟ್ಟಿಗೆ ಸಿಕ್ಕರೆ ಅದನ್ನು ತಂದು, ತಂಪು ಕೋಣೆಯಲ್ಲಿಟ್ಟು, ಒಳಗಿನ ಬರಹವನ್ನು ಹೊರತೆಗೆಯುತ್ತೇವೆ. ಬರೆದವರ ವಂಶದಲ್ಲಿ ಬದುಕಿರುವವರನ್ನು ಹುಡುಕುತ್ತೇವೆ. ಓದುಗಿತ್ತಿ ಅವರ ಮನೆಗೆ ಹೋಗಿ, ಎಲ್ಲರ ಎದುರಿಗೆ, ಗಟ್ಟಿಯಾಗಿ ಓದುತ್ತಾಳೆ. ಇದಕ್ಕೊಂದು ನಿಯಮವಿದೆ. ಬರಹ ಮೊದಲು ಮನೆಯವರ ಕಿವಿಗೆ ಬೀಳಬೇಕೇ ಹೊರತು ಪರರ ಕಣ್ಣಿಗಲ್ಲ. ಹಾಗಾಗಿ ಓದುಗಿತ್ತಿ ಅದನ್ನು ಮುಂಚೆ ಓದಿರಬಾರದು. ಲಕೋಟೆಯನ್ನು ಅಲ್ಲೇ ಒಡೆಯಬೇಕು, ಶುರು ಮಾಡಿದ ಮೇಲೆ ನಿಲ್ಲಿಸಬಾರದು. ಓದಿದ್ದೆಲ್ಲ ಬಹುತೇಕ ಸಣ್ಣ ಸಂಗತಿಗಳೇ. ಬೀದಿದೀಪ ಕೆಟ್ಟಿದೆ, ಗ್ಯಾಸ್ ಬಂದಿಲ್ಲ, ಮಗಳನ್ನು ಹಾಸ್ಟೆಲ್ಲಿಗೆ ಸೇರಿಸಿಕೊಳ್ಳಿ. ಅದನ್ನು ಕೇಳಿಯೇ ಜನ ಅಳುತ್ತಿದ್ದರು. ನಮ್ಮ ಮುತ್ತಜ್ಜಿ ಬೀದಿದೀಪದ ಬಗ್ಗೆ ಇಷ್ಟು ಜೋರಾಗಿ ಜಗಳವಾಡಿದ್ದಳೇ ಎಂದು ಒಬ್ಬ ಹೆಂಗಸು ನನ್ನ ಕೈ ಹಿಡಿದು ನಕ್ಕು ನಕ್ಕು ಅತ್ತದ್ದು ನೆನಪಿದೆ.

ಇನ್ನೊಂದು ವಿಷಯ ನಿಮಗೆ ತಿಳಿದಿರಬೇಕು. ನಮ್ಮಲ್ಲಿ ಯಾವ ಬರಹವನ್ನೂ ಒತ್ತಿಲ್ಲದೆ ಕಳಿಸುವಂತಿಲ್ಲ. ಒತ್ತು ಎಂದರೆ ಅಂಚೆಮನೆಯ ಹಿತ್ತಾಳೆ ತಗಡಿನ ಮೇಲೆ ಅಂಗೈ ಊರಿ, ಒಬ್ಬ ಸಾಕ್ಷಿಯ ಎದುರು ‘ಕಳಿಸು’ ಎಂದು ಬಾಯಿಬಿಟ್ಟು ಹೇಳುವುದು. ಮಕ್ಕಳಿಗೆ ಮೊದಲ ಒತ್ತು ಬೀಳುವ ದಿನ ಮನೆಯಲ್ಲಿ ಸಿಹಿ ಮಾಡುತ್ತೇವೆ. ಹೀಗೆ ಬೆಳೆದ ನಾನು, ಹಳೆಯ ಪೆಟ್ಟಿಗೆಯ ಬರಹದ ಮೇಲೆ ‘ಸಲ್ಲಿಕೆಯಾಗಿದೆ’ ಎಂದಿದ್ದರೆ, ಬರೆದವರು ತಾವೇ ಒತ್ತಿ ಕಳಿಸಿದ್ದಾರೆ ಎಂದೇ ನಂಬಿದ್ದೆ. ಬೇರೆ ಏನಾದರೂ ಸಾಧ್ಯ ಎಂಬ ಯೋಚನೆಯೇ ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ನನ್ನ ತಲೆಗೆ ಬರಲಿಲ್ಲ.

೨೧೦೬ರಲ್ಲಿ ಹುಬ್ಬಳ್ಳಿಯ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ, ಗೋಡೆ ಕಟ್ಟಿ ಮುಚ್ಚಿದ್ದ ಕೋಣೆಯೊಳಗೆ, ನಿಮ್ಮ ಸಂಸ್ಥೆಯ ಪೆಟ್ಟಿಗೆ ಸಿಕ್ಕಿತು. ನೀವು ಹತ್ತಾರು ಸಣ್ಣ ಸಂಘಗಳಿಗೆ, ಆಶ್ರಮಗಳಿಗೆ, ಕಚೇರಿಗಳಿಗೆ ವೆಬ್ ಫಾರ್ಮ್ ಮಾಡಿಕೊಡುತ್ತಿದ್ದಿರಿ. ಎಲ್ಲ ಫಾರ್ಮುಗಳ ಹಿಂದೆಯೂ ಅದೇ ನಲವತ್ತು ಸಾಲು ಕೆಲಸ ಮಾಡುತ್ತಿತ್ತು. ನಾಲ್ಕು ಲಕ್ಷ ಹನ್ನೊಂದು ಸಾವಿರ ಬರಹಗಳು. ನಮಗೆ ಹಬ್ಬವಾಯಿತು. ಅದರಲ್ಲಿ ಒಂದು ಬರಹ ಗದಗಿನ ಶಿವಲೀಲಾ ಬೂದಿಹಾಳ ಎಂಬುವರದು. ಅವರ ಮಗ ಇನ್ನೂ ಬದುಕಿದ್ದರು.

ಮಗನ ಹೆಸರು ವಿಹಾನ್. ನಿಮಗೆ ಅದು ಕೂಸಿನ ಹೆಸರಿನಂತೆ ಕೇಳಿಸಬಹುದು. ನಮಗೆ ವಿಹಾನ್, ಅಯಾನ್, ಆರುಷ್ ಎಲ್ಲ ಕೋಲೂರಿ ನಡೆಯುವ ಅಜ್ಜಂದಿರ ಹೆಸರು. ಆಗ ಅವರಿಗೆ ಎಂಬತ್ತಮೂರು ವರ್ಷ. ಬೆಟಗೇರಿಯ ಮೂರನೆಯ ನೆರಳುಬೀದಿಯಲ್ಲಿ ಮಗಳು ಇಂಚರಾ ಜೊತೆ ಇದ್ದರು. ೨೧೧೦ರ ಎರಡನೆಯ ತಿಂಗಳಲ್ಲಿ, ಬೆಳಿಗ್ಗೆ ಎಂಟು ಗಂಟೆಗೆ ನಾನು ಆ ಮನೆಗೆ ಹೋದಾಗ ಹದಿನಾಲ್ಕು ಜನ ಸೇರಿದ್ದರು. ಇಂಚರಾ ಸಿಹಿಗೆ ಮಾದಲಿ ಮಾಡಿದ್ದರು. ವಿಹಾನಜ್ಜ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕುರ್ಚಿಯ ತುದಿಗೆ ಕೂತಿದ್ದರು.

“ನಮ್ಮವ್ವ ಬಸ್ ಕಂಡಕ್ಟರ್ ಇದ್ಲು,” ಎಂದು ನನಗೆ ಹೇಳಿದರು. “ನನ್ನ ಇಂಜಿನ್ ಪೆಟಗಿ ಮ್ಯಾಲ ಕುಂದರಿಸಿ ರೋಣದ ತನಕ ಕರ್ಕೊಂಡು ಹೋಗಾಕಿ. ಐವತ್ತು ಮಂದಿ ಕೂಡ ಒಮ್ಮಿಗೇ ಮಾತಾಡಾಕಿ. ಆದ್ರ ಆಕಿ ಬರದದ್ದು ಒಂದಕ್ಷರಾನೂ ನನ್ನ ಕಡೆ ಉಳದಿಲ್ಲವಾ. ಎಲ್ಲಾ ದೊಡ್ಡಳಿಕಿಗೆ ಹೋತು.”

“ಇವತ್ತ ಕೇಳ್ತೀರಿ ಅಜ್ಜಾರ,” ಎಂದೆ ನಾನು. ಆ ಮಾತನ್ನು ನಾನು ಸಂತೋಷದಿಂದಲೇ ಹೇಳಿದೆ.

ಲಕೋಟೆ ಒಡೆದೆ. ಮೇಲೆ ಸಂಸ್ಥೆಯ ಹೆಸರು ‘ತೊಟ್ಟಿಲಾಸರೆ’ ಎಂದಿತ್ತು. ದಿನಾಂಕ ೨೦೨೭ನೆಯ ಇಸವಿಯದು. ಮಕ್ಕಳ ಬಟ್ಟೆ ಹಂಚುವ ಸಂಘವಿರಬೇಕು ಅಂದುಕೊಂಡೆ. ಓದಲು ಶುರು ಮಾಡಿದೆ. ಅದನ್ನು ಇಲ್ಲಿ ಬರೆಯಲು ವಿಹಾನಜ್ಜ ಒಪ್ಪಿದ್ದಾರೆ. ನಿಮಗೆ ಗೊತ್ತಾಗಲೇಬೇಕು ಎಂದರು.

‘ನನ್ನ ಮಗ ಐದು ತಿಂಗಳದವ. ಆರೋಗ್ಯ ಚೊಲೊ ಐತಿ. ಅವನ್ನ ನೋಡಿದ್ರ ನನಗ ಏನೂ ಅನಸವಲ್ದು. ಅಳಾಕ ಹತ್ತಿದ್ರ ಎದ್ದು ಹೊರಗ ಹೋಗಿ ನಿಂದರ್ತೀನಿ. ಮನ್ಯಾಗ ಯಾರಿಗೂ ಹೇಳಿಲ್ಲ. ಯಾರರ ಚೊಲೊ ಮಂದಿಗೆ ಕೊಡ್ರಿ. ದೊಡ್ಡಾವ ಆದಮ್ಯಾಲ ನನ್ನ ಹುಡಕ್ಕೊಂಡು ಬರೂದು ಬ್ಯಾಡ ಅಂತ ಬರಕೊಳ್ರಿ.’

ಮೂರನೆಯ ವಾಕ್ಯಕ್ಕೆ ಬಂದಾಗಲೇ ಇದು ಬಟ್ಟೆ ಹಂಚುವ ಸಂಘವಲ್ಲವೆಂದು ಹೊಳೆದಿತ್ತು. ಐದನೆಯದರ ಹೊತ್ತಿಗೆ ಇಂಚರಾ ಎದ್ದು ನಿಂತು, “ಸಾಕ್ರಿ. ನಿಲ್ಲಸ್ರಿ,” ಎಂದರು. ನಾನು ನಿಲ್ಲಿಸಲಿಲ್ಲ. ನಿಯಮ ನಿಲ್ಲಿಸಬಾರದೆನ್ನುತ್ತದೆ; ನಿಯಮಕ್ಕಿಂತ ಹೆಚ್ಚಾಗಿ, ಓದುವುದನ್ನು ಬಿಟ್ಟು ಬೇರೇನು ಮಾಡಬೇಕೆಂದು ನನಗೆ ಆ ಗಳಿಗೆಯಲ್ಲಿ ತೋಚಲಿಲ್ಲ. ಉಳಿದ ಎರಡು ವಾಕ್ಯಗಳನ್ನೂ ಓದಿಬಿಟ್ಟೆ. ಆ ಎರಡು ವಾಕ್ಯಗಳಿಗೆ ನನಗೆ ಇವತ್ತಿಗೂ ಕ್ಷಮೆಯಿಲ್ಲ.

ವಿಹಾನಜ್ಜ ನನ್ನ ಕೈಯಲ್ಲಿದ್ದ ಹಾಳೆಯನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ, “ಇದು ಬ್ಯಾರೆ ಯಾರದರ ಇರಬೇಕು,” ಎಂದರು. ನಾನು ಹೆಸರು, ವಿಳಾಸ, ಹುಟ್ಟಿದ ದಿನ ನೋಡಿದೆ. ಎಲ್ಲ ಸರಿಯಾಗಿತ್ತು. ಬೇರೆಯವರದಲ್ಲವೆಂದು ನಾನು ತಲೆ ಅಲ್ಲಾಡಿಸಿದ್ದನ್ನು ಅವರು ನೋಡಿದರು. ಕುರ್ಚಿಯಿಂದ ಎದ್ದು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಹದಿನಾಲ್ಕು ಜನರ ಎದುರಿನ ಮಾದಲಿ ಹಾಗೇ ಉಳಿಯಿತು.

ನಾಲ್ಕು ದಿನದ ಮೇಲೆ ಇಂಚರಾ ಕಡತಮನೆಗೆ ಬಂದರು. ಅವರು ನನ್ನನ್ನು ಬೈಯಲು ಬಂದಿದ್ದಾರೆಂದು ಎದ್ದು ನಿಂತೆ. ಅವರು ಬೈಯಲಿಲ್ಲ.

“ಅಪ್ಪ ಊಟ ಬಿಟ್ಟಾನ್ರಿ,” ಎಂದರು. “ನೀರು ಅಷ್ಟ ಕುಡೀತಾನ. ಒಂದ ಮಾತು ಕೇಳ್ತಾನ. ಕೊಡ್ರಿ ಅಂತ ಬರದು ಕಳಸಿದಾಕಿ ಮತ್ತ್ಯಾಕ ಕೊಡಲಿಲ್ಲ, ಅವರ ಬ್ಯಾಡಂದ್ರೇನು, ಯಾರೂ ತಗೊಳ್ಳಲಿಲ್ಲಂತ ನನ್ನ ಇಟಗೊಂಡ್ಲೇನು ಅಂತಾನ. ಎಂಬತ್ಮೂರು ವರ್ಷದ ಮನಶಾ ಇದನ್ನ ಕೇಳ್ತಾನ. ನಾ ಏನ್ ಹೇಳ್ಲಿ?”

ಆ ಪ್ರಶ್ನೆ ನನಗೂ ಬಡಿಯಿತು. ಸಲ್ಲಿಕೆಯಾದ ಅರ್ಜಿಗೆ ಉತ್ತರವೊಂದು ಇರಬೇಕಲ್ಲ. ಮಗುವನ್ನು ಒಯ್ಯಲು ತೊಟ್ಟಿಲಾಸರೆಯವರು ಬಂದಿರಬೇಕು, ಇಲ್ಲವೆ ನಿರಾಕರಿಸಿರಬೇಕು. ಪೆಟ್ಟಿಗೆಯಲ್ಲಿ ಅಂಥದ್ದೇನೂ ಇರಲಿಲ್ಲ. ನಮ್ಮ ಹಿರಿಯೋದುಗಿತ್ತಿ ಮಾಬುಬಿ ಹಂಚಿನಾಳ ಅವರ ಅನುಮತಿ ಪಡೆದು ನಾನು ಬರಹ ಬಿಟ್ಟು ಯಂತ್ರದ ಸಾಲುಗಳನ್ನು ಓದಲು ಕೂತೆ. ಓದುಗಿತ್ತಿಯರು ಅವನ್ನು ಓದುವುದಿಲ್ಲ. ಅವು ಪೆಟ್ಟಿಗೆಯ ಬೀಗದಂತೆ. ತೆರೆದ ಮೇಲೆ ಯಾರೂ ತಿರುಗಿ ನೋಡುವುದಿಲ್ಲ. ನಿಮ್ಮ ನಲವತ್ತು ಸಾಲು ಅರ್ಥವಾಗಲು ನನಗೆ ಹನ್ನೊಂದು ದಿನ ಬೇಕಾಯಿತು.

ಇದನ್ನು ನಿಮಗೇ ವಿವರಿಸುವುದು ವಿಚಿತ್ರ, ಆದರೂ ನನಗೆ ಕಂಡಂತೆ ಹೇಳುತ್ತೇನೆ. ನಿಮ್ಮ ಫಾರ್ಮಿನ ಕೆಳಗೆ ‘ಸಲ್ಲಿಸು’ ಎಂಬ ಗುಂಡಿ ಇದೆ. ಬರೆಯುವವರು ಅದನ್ನು ಒತ್ತಿದರೆ ಬರಹ ಹೋಗುತ್ತದೆ ಎಂದು ನಂಬುತ್ತಾರೆ. ಅದು ನಿಜ. ಆದರೆ ಒತ್ತದಿದ್ದರೂ ಹೋಗುತ್ತದೆ. ಕೀಬೋರ್ಡಿನಿಂದ ಬೆರಳು ಎತ್ತಿ ಒಂದು ಸೆಕೆಂಡ್ ಸುಮ್ಮನಿದ್ದರೆ ಸಾಕು, ನಿಮ್ಮ ಸಾಲುಗಳು ಅಲ್ಲಿಯವರೆಗೆ ಬರೆದದ್ದನ್ನೆಲ್ಲ ಗಂಟು ಕಟ್ಟಿ ಹಿಂಬಾಗಿಲಿನಿಂದ ನಿಮ್ಮ ಸಂಸ್ಥೆಯ ಸರ್ವರ್ ಯಂತ್ರಕ್ಕೆ ಕಳಿಸುತ್ತವೆ. ಪುಟ ಅಲುಗುವುದಿಲ್ಲ. ಹೊಸ ಪುಟ ತೆರೆಯುವುದಿಲ್ಲ. ತಿರುಗುವ ಚಕ್ರವೂ ಕಾಣಿಸುವುದಿಲ್ಲ. ಬರೆಯುವವರು ಇನ್ನೂ ಯೋಚಿಸುತ್ತಿರುವಾಗಲೇ ಅವರ ಯೋಚನೆ ಹೊಸ್ತಿಲು ದಾಟಿರುತ್ತದೆ. ಒತ್ತಿದ್ದಕ್ಕೂ ಒತ್ತದ್ದಕ್ಕೂ ಆ ಕಡೆ ಒಂದೇ ಬಾಗಿಲು, ಒಂದೇ ಮುದ್ರೆ: ಸಲ್ಲಿಕೆಯಾಗಿದೆ. ಇನ್ನೊಂದು ಸಾಲಿದೆ. ಹೊಸದಾಗಿ ಬಂದ ಬರಹ ಹಿಂದಿನದಕ್ಕಿಂತ ಚಿಕ್ಕದಾಗಿದ್ದರೆ ಹಿಂದಿನದನ್ನೇ ಉಳಿಸಿಕೊ ಎಂದು ಆ ಸಾಲು ಸರ್ವರ್ ಯಂತ್ರಕ್ಕೆ ಹೇಳುತ್ತದೆ. ಅಂದರೆ ಬರೆದದ್ದು ಉಳಿಯುತ್ತದೆ, ಅಳಿಸಿದರೂ ಅಳಿಯುವುದಿಲ್ಲ.

ಇದೆಲ್ಲದರ ಮೇಲೆ ನಿಮ್ಮ ಟಿಪ್ಪಣಿ ಇತ್ತು. ‘ಹಳ್ಳಿ ಕಡೆ ನೆಟ್‌ವರ್ಕ್ ಪದೇ ಪದೇ ಹೋಗುತ್ತೆ. ಜನ ಕಷ್ಟಪಟ್ಟು ಟೈಪ್ ಮಾಡಿರ್ತಾರೆ. ಅವರು ಬರೆದದ್ದು ಕಳೆದುಹೋಗಬಾರದು. ಇಂದುಧರ.’

ಅಲ್ಲಿಯವರೆಗೆ ನಾನು ನಿಮ್ಮನ್ನು ಕಳ್ಳನೆಂದು ಭಾವಿಸಿದ್ದೆ. ಟಿಪ್ಪಣಿ ಓದಿದ ಮೇಲೆ ಹಾಗೆ ಭಾವಿಸಲಾಗಲಿಲ್ಲ. ನೀವು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದೀರಿ. ಆಘಾತ ಅದರಿಂದ ಕಡಿಮೆಯಾಗಲಿಲ್ಲ, ಇನ್ನಷ್ಟು ಹೆಚ್ಚಿತು. ಬೈಯಲು ಯಾರೂ ಉಳಿಯಲಿಲ್ಲ.

ಬರಹಗಳಿದ್ದ ಪೆಟ್ಟಿಗೆಯ ಜೊತೆಗೆ ಬಾಗಿಲಪಟ್ಟಿ ಎಂಬ ಇನ್ನೊಂದು ಕಡತವಿತ್ತು. ಯಾವ ಗಂಟು ಎಷ್ಟು ಹೊತ್ತಿಗೆ ಬಂತು, ಅದರಲ್ಲಿ ಎಷ್ಟು ಚಿಹ್ನೆಗಳಿದ್ದವು, ಗುಂಡಿ ಒತ್ತಲಾಗಿತ್ತೇ ಎಂಬುದಷ್ಟೇ ಅದರಲ್ಲಿದೆ. ಅಕ್ಷರಗಳಿಲ್ಲ, ಬರೀ ಅಂಕಿ. ಇದನ್ನೂ ಯಾರೂ ನೋಡಿರಲಿಲ್ಲ. ನಾನು ಶಿವಲೀಲಾ ಅವರ ಹೆಸರಿನ ಎದುರು ಬೆರಳಿಟ್ಟು ಹುಡುಕಿದೆ. ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಮೊದಲ ಗಂಟು ಬಂದಿದೆ. ಅಂಕಿ ತೊಂಬತ್ತರವರೆಗೆ ಏರಿ ಸೊನ್ನೆಗೆ ಇಳಿದಿದೆ. ಮತ್ತೆ ನೂರಾ ನಲವತ್ತರವರೆಗೆ ಏರಿ ಸೊನ್ನೆಗೆ ಇಳಿದಿದೆ. ಮೂರನೆಯ ಸಲ, ಹನ್ನೆರಡೂವರೆಯ ಸುಮಾರಿಗೆ, ಇನ್ನೂರ ಹದಿನೇಳಕ್ಕೆ ಮುಟ್ಟಿದೆ. ನಾನು ಆ ಮನೆಯಲ್ಲಿ ಓದಿದ್ದು ಅದೇ ಇನ್ನೂರ ಹದಿನೇಳು. ಆಮೇಲೆ ಇಳಿಯತೊಡಗಿದೆ. ಇನ್ನೂರ ನಾಲ್ಕು, ನೂರಾ ಎಂಬತ್ತು, ನೂರಾ ಅರವತ್ತು. ನಿಂತು ನಿಂತು, ಹಿಂದಿನಿಂದ ಒಂದೊಂದೇ ಮಾತು ಅಳಿಸುತ್ತ ಬಂದಿದ್ದಾರೆ. ಹನ್ನೆರಡು ಐವತ್ತೆರಡಕ್ಕೆ ಅಂಕಿ ಏಳಕ್ಕೆ ಬಂದು ನಿಂತಿದೆ. ಹತ್ತೊಂಬತ್ತು ನಿಮಿಷ ಏನೂ ಇಲ್ಲ. ಒಂದು ಹನ್ನೊಂದಕ್ಕೆ ಸೊನ್ನೆ. ಅಲ್ಲಿಗೆ ಮುಗಿದಿದೆ. ಗುಂಡಿಯ ಅಂಕಣದಲ್ಲಿ ಮೊದಲಿನಿಂದ ಕೊನೆಯವರೆಗೆ ‘ಇಲ್ಲ’.

ಆ ಬರಹದ ಮೊದಲ ಏಳು ಚಿಹ್ನೆ ಯಾವುವೆಂದು ಯಂತ್ರದ ಲೆಕ್ಕದಲ್ಲಿ ಎಣಿಸಿದೆ. ‘ನನ್ನ ಮಗ’. ‘ನ್ನ’ ಎಂಬ ಒತ್ತಕ್ಷರಕ್ಕೆ ಯಂತ್ರ ಮೂರು ಎಣಿಸುತ್ತದೆ; ನಡುವಿನ ಖಾಲಿ ಜಾಗವೂ ಸೇರಿ ಏಳು. ಉಳಿದದ್ದೆಲ್ಲ ಅಳಿಸಿದ ಮೇಲೆ ಆ ಎರಡು ಶಬ್ದ ಮಾತ್ರ ಪರದೆಯ ಮೇಲೆ ಹತ್ತೊಂಬತ್ತು ನಿಮಿಷ ಇತ್ತು.

ಅಂದೇ ಸಂಜೆ ಬಾಗಿಲು ತೆರೆದ ಕೂಡಲೇ ಬೆಟಗೇರಿಗೆ ನಡೆದೆ. ವಿಹಾನಜ್ಜ ಅಷ್ಟರಲ್ಲಿ ಮಗಳ ಒತ್ತಾಯಕ್ಕೆ ಗಂಜಿ ಕುಡಿಯುತ್ತಿದ್ದರು, ಆದರೆ ಎದ್ದು ಕೂತಿರಲಿಲ್ಲ. ನಾನು ಹಾಸಿಗೆಯ ಪಕ್ಕ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಗುಂಡಿಯ ವಿಷಯ, ಹಿಂಬಾಗಿಲಿನ ವಿಷಯ, ಅಂಕಿಗಳು. ಮೊದಲು ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗದೆ ಇದ್ದದ್ದು ಸಹಜ. ಕಳಿಸದೆ ಇದ್ದದ್ದು ಹೇಗೆ ತಲುಪುತ್ತದೆ?

“ಅಂದ್ರ ನಮ್ಮವ್ವ ಕಳಸಿಲ್ಲ,” ಎಂದರು.

“ಇಲ್ರಿ ಅಜ್ಜಾರ. ಬರದು ಅಳಿಸ್ಯಾರ. ಮೂರು ಸಲ ಬರದು ಮೂರೂ ಸಲ ಅಳಿಸ್ಯಾರ.”

“ಆ ಹತ್ತೊಂಬತ್ತು ನಿಮಿಷ ಏನ್ ಮಾಡಿದ್ಲು?”

“ಅದು ನನಗ ಗೊತ್ತಿಲ್ರಿ.”

“ನಾ ಅತ್ತಿರಬೇಕು,” ಎಂದರು. “ಎದ್ದು ಬಂದು ಎತಗೊಂಡಿರಬೇಕು.” ಸ್ವಲ್ಪ ತಡೆದು, “ಇಲ್ಲಾ, ಹೊರಗ ಹೋಗಿ ನಿಂತಿರಬೇಕು,” ಎಂದರು. ಎರಡರಲ್ಲಿ ಯಾವುದಾದರೂ ಆಗಿರಬಹುದು. ನಾನು ಸುಳ್ಳು ಹೇಳಲಿಲ್ಲ. ಹೆರಿಗೆಯಾದ ಮೇಲೆ ಕೆಲವು ತಾಯಂದಿರಿಗೆ ಕವಿಯುವ ಆ ಸ್ಥಿತಿಗೆ ನಮ್ಮಲ್ಲಿ ಹಡೆಮಬ್ಬು ಎನ್ನುತ್ತಾರೆ. ಮದ್ದಿದೆ, ಜೊತೆಗೆ ಕೂರುವವರಿದ್ದಾರೆ. ಶಿವಲೀಲಾ ಅವರಿಗೆ ಆ ಮಧ್ಯಾಹ್ನ ಜೊತೆಗಿದ್ದದ್ದು ಒಂದು ಫಾರ್ಮ್. ಅದನ್ನು ಹೇಳಿದೆ. ಅಜ್ಜ ಕೇಳಿಸಿಕೊಂಡರು. ಸಮಾಧಾನವಾದಂತೆ ಕಾಣಲಿಲ್ಲ.

“ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ,” ಎಂದರು. “ಆಕಿ ನನಗ ಇದನ್ನ ಸಾಯೂತನಕ ಹೇಳಲಿಲ್ಲ. ಮೂವತ್ತೆರಡು ವರ್ಷ ನನ್ನ ಕೂಡ ಇದ್ದು ಹೇಳಲಿಲ್ಲ. ಅಷ್ಟು ಗಟ್ಟಿ ಮುಚ್ಚಿಟ್ಟದ್ದನ್ನ ನೀ ತಂದು ಮೊಮ್ಮಕ್ಕಳ ಮುಂದ ಓದಿದಿ. ಈಗ ಆಕಿ ಕಳಸಿಲ್ಲ ಅಂತ ಹೇಳಾಕ ಬಂದಿ. ನಾ ಕೇಳಿದ್ದು ಈಗ ಕೇಳದಂಗ ಆಗ್ತೈತೇನು?”

ತಲೆ ತಗ್ಗಿಸಿ ಕೂತಿದ್ದೆ. ನಾನು ಏಳಲು ಹೊರಟಾಗ ಅವರು ನನ್ನ ಹೆಗಲ ಮೇಲೆ ಕೈಯೂರಿ ತಾವೂ ಎದ್ದರು. ಎದ್ದು ಕೂತು, ಹೊಸದೊಂದು ಹೊಳೆದವರಂತೆ ಕೇಳಿದರು. “ನನ್ನಂಥಾವರು ಎಷ್ಟು ಮಂದಿ ಅದಾರ?”

ಆ ಪ್ರಶ್ನೆ ಹನ್ನೊಂದು ದಿನದಲ್ಲಿ ನನಗೇಕೆ ಬರಲಿಲ್ಲವೋ ಗೊತ್ತಿಲ್ಲ. ಮನೆಗೆ ಹೋಗಲಿಲ್ಲ. ನೇರ ಕಡತಮನೆಗೆ ಹೋಗಿ ಮಾಬುಬಿಯವರಿಗೆ ಬಾಗಿಲಪಟ್ಟಿ ತೋರಿಸಿದೆ. ಅವರು ಮೊದಲ ಪುಟ ಓದಿ ಕನ್ನಡಕ ತೆಗೆದರು. ಎರಡನೆಯದನ್ನು ಓದಿ ಮತ್ತೆ ಹಾಕಿಕೊಂಡರು. ಈ ಪೆಟ್ಟಿಗೆಯಿಂದ ನಾನು ನಾಲ್ಕು ವರ್ಷದಲ್ಲಿ ಓದಿದ ಬರಹಗಳು ಸಾವಿರದ ನೂರು. ಅವುಗಳಲ್ಲಿ ನಾನೂರ ಹನ್ನೆರಡನ್ನು ಬರೆದವರು ಗುಂಡಿ ಒತ್ತಿರಲಿಲ್ಲ.

“ಯಾ ಅಲ್ಲಾ,” ಎಂದು ಮಾಬುಬಿ ಮೆಲ್ಲಗೆ ಹೇಳಿದರು. “ನಾವು ಸತ್ತವರ ಬಾಯಿಗೆ ಕೈ ಹಾಕಿ ಮಾತು ಕಿತ್ತೀವಲ್ಲ ಫಕೀರವ್ವ.”

ಮರುದಿನವೇ ಅವರು ಪೆಟ್ಟಿಗೆಗೆ ಮುದ್ರೆ ಹಾಕಿಸಿದರು. ಒತ್ತಿಲ್ಲದ ಬರಹವನ್ನು ಯಾರೂ ತೆರೆಯಬಾರದೆಂದು ಊರಸಭೆಯಲ್ಲಿ ಹಟ ಹಿಡಿದು ನಿರ್ಣಯ ಮಾಡಿಸಿದರು. ಅದು ಸುಲಭವಾಗಿರಲಿಲ್ಲ. ಪೂರ್ವಿಕರ ಒಂದು ಸಾಲಿಗಾಗಿ ವರ್ಷಗಟ್ಟಲೆ ಕಾದವರು ನಮ್ಮ ಮೇಲೆ ರೇಗಿದರು. ಇರುವುದೇ ಇಷ್ಟು, ಅದನ್ನೂ ಮುಚ್ಚಿಡುತ್ತೀರಾ ಎಂದರು. ಅವರ ಸಂಕಟ ನನಗೆ ಗೊತ್ತು. ನನ್ನ ಸ್ವಂತ ಅಜ್ಜಿಯ ಹೆಸರಿನ ಒಂದು ಬರಹವೂ ಆ ಮುದ್ರೆಯ ಒಳಗಿದೆ. ಗುಂಡಿಯ ಅಂಕಣದಲ್ಲಿ ‘ಇಲ್ಲ’ ಎಂದಿದೆ. ನಾನು ಅದನ್ನು ನೋಡಿಲ್ಲ.

ನಾನು ಓದುಗಿತ್ತಿಯ ಕೆಲಸ ಬಿಟ್ಟೆ. ಮೂರು ವರ್ಷದಿಂದ ಆ ನಾನೂರ ಹನ್ನೆರಡು ಮನೆಗಳಿಗೆ ಒಂದೊಂದಾಗಿ ಹೋಗುತ್ತಿದ್ದೇನೆ. ಬಾಗಿಲು ತಟ್ಟಿ, ನಾನು ನಿಮ್ಮ ಮನೆಯಲ್ಲಿ ಓದಿದ್ದನ್ನು ಬರೆದವರು ಕಳಿಸಿರಲಿಲ್ಲ ಎಂದು ಹೇಳುತ್ತೇನೆ. ಕೆಲವರು ನೀರು ಕೊಡುತ್ತಾರೆ. ಕೆಲವರು ಕದ ಮುಚ್ಚುತ್ತಾರೆ. ಲಕ್ಕುಂಡಿಯಲ್ಲಿ ಒಂದೇ ಗೋಡೆಯ ಎರಡು ಮನೆಗಳಿದ್ದವು. ಅಣ್ಣನ ವಂಶ, ತಮ್ಮನ ವಂಶ. ನಡುವೆ ಒಂದು ಬಾಗಿಲು. ಎರಡೂ ಮನೆಗೆ ಒಂದೇ ನೀರಿನ ತೊಟ್ಟಿ. ಅವರ ಮುತ್ತಜ್ಜಿ ‘ಹಿರಿಯ ಮಗ ನನ್ನನ್ನು ಹೊಡೆಯುತ್ತಾನೆ’ ಎಂದು ಬರೆದಿದ್ದ ದೂರನ್ನು ನಾನು ೨೧೦೮ರಲ್ಲಿ ಓದಿದ್ದೆ. ಈ ಸಲ ಹೋದಾಗ ನಡುವಿನ ಬಾಗಿಲಿಗೆ ಇಟ್ಟಿಗೆ ಕಟ್ಟಿ ಗಿಲಾವು ಮಾಡಿದ್ದರು. ತಮ್ಮನ ಮನೆಯ ಹೆಂಗಸು ನನ್ನ ಮಾತು ಪೂರ್ತಿ ಕೇಳಿದರು.

“ಕಳಸಿಲ್ಲಂದ್ರ ಅದು ಸುಳ್ಳಂತೇನು?” ಎಂದರು.

“ಸುಳ್ಳಂತ ನಾ ಹೇಳಾಂಗಿಲ್ರಿ. ಹೊರಗ ಹೇಳೂದು ಬ್ಯಾಡ ಅಂತ ಅವರು ತೀರ್ಮಾನ ಮಾಡಿದ್ರು. ನನಗ ಗೊತ್ತಿರೂದು ಅಷ್ಟ.”

“ಹಂಗಾರ ಈಗ ನಾವೇನ್ ಮಾಡೂಣು?”

ಇಟ್ಟಿಗೆ ಇನ್ನೂ ಹಾಗೆಯೇ ಇದೆ. ಮುನ್ನೂರ ಎಪ್ಪತ್ತೊಂದು ಮನೆ ಮುಗಿದಿವೆ, ನಲವತ್ತೊಂದು ಬಾಕಿ. ಹದಿನಾರು ಮನೆಗಳಲ್ಲಿ, ನಾನು ಹೋಗುವಷ್ಟರಲ್ಲಿ, ಕೇಳಬೇಕಾದವರು ತೀರಿಕೊಂಡಿದ್ದರು. ಬರೆದವರು ಕಳಿಸದೆ ಇದ್ದದ್ದನ್ನು ಎದೆಯಲ್ಲಿಟ್ಟುಕೊಂಡೇ ಹೋದರು.

ವಿಹಾನಜ್ಜನಿಗೆ ಈಗ ಎಂಬತ್ತಾರು. ಊಟ ಮಾಡುತ್ತಾರೆ, ನಡೆದಾಡುತ್ತಾರೆ. ತಾಯಿಯ ಬಸ್ಸಿನ ಕತೆಗಳನ್ನು ಮೊದಲಿನಷ್ಟು ಹೇಳುವುದಿಲ್ಲ ಎಂದು ಇಂಚರಾ ಹೇಳುತ್ತಾರೆ. ಒಮ್ಮೆ ಶುರು ಮಾಡಿ, ನಡುವೆ ನಿಲ್ಲಿಸಿ, ಆಕಿಗೆ ಆವಾಗ ಇಪ್ಪತ್ತೆರಡು ವರ್ಷ ಅಷ್ಟ ಇತ್ತು ಎಂದು ಬೇರೇನನ್ನೋ ಯೋಚಿಸುತ್ತಾ ಕೂರುತ್ತಾರಂತೆ. ಹಿಂದಂಚೆಯ ನನ್ನ ಒಂದು ಪತ್ರ ಯಾರಿಗೆ ಬರೆಯಲಿ ಎಂದು ವಿಹಾನಜ್ಜನನ್ನು ಕೇಳಿದಾಗ, ಅವರು ಶಿವಲೀಲಾ ಅವರ ಹೆಸರು ಹೇಳಬಹುದೆಂದು ಕಾದಿದ್ದೆ. ಅವರು ಬೇಡವೆಂದರು. “ಆಕಿಗೆ ನಮಗ ಗೊತ್ತಾತು ಅಂತ ಗೊತ್ತಾಗೂದು ಬ್ಯಾಡ,” ಎಂದರು. “ಆ ಸಾಲು ಬರದ ಹುಡುಗಗ ಬರಿ. ಬೈಬ್ಯಾಡ. ಕೇಳಿಕೊ.”

ಆದ್ದರಿಂದ ಕೇಳಿಕೊಳ್ಳುತ್ತೇನೆ. ಇಂದುಧರ ಅವರೇ, ಹಿಂಬಾಗಿಲಿನಿಂದ ಕಳಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಗುಂಡಿ ಒತ್ತಿದ ಮೇಲೆ ಪುಟ ಅಲುಗದಂತೆ ಬೇಕಾದರೆ ಕಳಿಸಿ. ಅದು ಚೆಂದವಾದ ಕೆಲಸ. ಆದರೆ ಒತ್ತುವವರೆಗೆ ಕಾಯಿರಿ. ಬರೆದದ್ದು ಕಳೆದುಹೋದೀತೆಂಬ ಅಂಜಿಕೆ ನಿಮಗಿದ್ದರೆ ಅದನ್ನು ಬರೆಯುವವರ ಯಂತ್ರದಲ್ಲೇ ಇಡಿ, ಅವರ ಕೈಗೆ ಸಿಗುವಂತೆ, ಅವರು ಅಳಿಸಿದರೆ ಅಳಿಯುವಂತೆ. ಚಿಕ್ಕದಾದರೆ ಹಳೆಯದನ್ನೇ ಉಳಿಸಿಕೊ ಎಂಬ ಆ ಸಾಲನ್ನು ಮಾತ್ರ ದಯವಿಟ್ಟು ಬರೆಯಬೇಡಿ. ಮನುಷ್ಯರು ಬರೆಯುವುದನ್ನಷ್ಟೇ ಅಲ್ಲ, ಬೇಡವೆಂದು ಅಳಿಸುವುದನ್ನೂ ಮನಸಾರೆ ಮಾಡಿರುತ್ತಾರೆ. ಅದಕ್ಕೂ ಅಷ್ಟೇ ಗೌರವ ಸಲ್ಲಬೇಕು.

ನೀವು ಈ ಮಾತು ಕೇಳಿದರೆ ನಮ್ಮ ಪೆಟ್ಟಿಗೆಯಲ್ಲಿ ಆ ಬರಹ ಇರುವುದಿಲ್ಲ. ನಾನು ಬೆಟಗೇರಿಯ ಆ ಮನೆಗೆ ಹೋಗುವುದಿಲ್ಲ. ವಿಹಾನಜ್ಜನ ಪರಿಚಯವೂ ನನಗೆ ಆಗುವುದಿಲ್ಲ. ತಾಯಿಯ ಒಂದಕ್ಷರವೂ ಸಿಗಲಿಲ್ಲವೆಂಬ ಕೊರಗಿನಲ್ಲೇ ಅವರು ಇರುತ್ತಾರೆ, ಮಾದಲಿ ತಿನ್ನುತ್ತ, ರೋಣದ ಬಸ್ಸಿನ ಕತೆ ಹೇಳುತ್ತ. ಈ ಪತ್ರವನ್ನೂ ಯಾರೂ ಬರೆದಿರುವುದಿಲ್ಲ. ೨೦೨೭ರ ಒಂದು ಮಧ್ಯಾಹ್ನ ಗದಗಿನ ಒಂದು ಮನೆಯಲ್ಲಿ ಏನು ನಡೆಯಿತೆಂಬುದು ಆ ಮನೆಯಲ್ಲಿದ್ದ ಒಬ್ಬರಿಗೆ ಮಾತ್ರ ಗೊತ್ತಿರುತ್ತದೆ. ಹಾಗೇ ಆಗಲಿ.

ಇದನ್ನು ಕಳಿಸಲು ಈಗ ಅಂಚೆಮನೆಗೆ ಹೋಗುತ್ತಿದ್ದೇನೆ. ಸಾಕ್ಷಿಗೆ ಇಂಚರಾ ಬರುತ್ತಿದ್ದಾರೆ.

ನಿಮ್ಮ ವಿಶ್ವಾಸಿ,
ಫಕೀರವ್ವ ಡಂಬಳ